ತಂದೆ ಹೆಸರಿನ ಕಾಲಂ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕೇರಿಗಳಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರಿದ್ದಾರೆ. 1982ರಲ್ಲಿ ನಿಷೇಧದ ಕಾಯ್ದೆ ಬಂತು. 1993-94ರಲ್ಲಿ, ಮತ್ತೆ 2007-08ರಲ್ಲಿ ಸರ್ಕಾರ ಸರ್ವೆ ಮಾಡಿತು. ಪಟ್ಟಿಯಲ್ಲಿದ್ದವರಿಗೆ ಮಾಸಾಶನ, ಬಿಟ್ಟುಹೋದವರಿಗೆ ಬರೀ ಅಲೆದಾಟ.

ಈಗ ನಾವು ತುಂಬಿಸಿ ತಂದ ಪ್ರಶ್ನಾವಳಿಗಳನ್ನು ಕಂಪ್ಯೂಟರಿಗೆ ಏರಿಸಲು ಡೇಟಾಬೇಸು ಕಟ್ಟಬೇಕಾಗೈತಿ. ಅದರಲ್ಲಿ 'ತಂದೆ ಹೆಸರು' ಕಡ್ಡಾಯ ಅಂತ ಇಟ್ಟರೆ, ತುಂಬದೆ ಮುಂದಕ್ಕೆ ಬಿಡೋದಿಲ್ಲ. ದೇವದಾಸಿ ತಾಯಿಯ ಮಗ ಏನು ಬರೆಸಬೇಕ್ರಿ? ಸುಳ್ಳು ಹೆಸರು ಬರೆಸ್ತಾನೆ, ಇಲ್ಲಾ ಎದ್ದು ಹೋಗ್ತಾನೆ. 2025ರ ಹೊಸ ಕಾಯ್ದೆಯೇ ಆ ಹೆಸರು ಕಡ್ಡಾಯವಲ್ಲ ಎಂದಮೇಲೆ ನಮ್ಮ ಕಂಪ್ಯೂಟರಿಗೇನು ಹಟ? ತಾಯಿ ಹೆಸರು ಮೊದಲು ಇಡ್ರಿ.

ಖಾಲಿ ಕಾಲಮ್ಮಿಗೂ ಅರ್ಥ ಐತಿ. 'ಇಲ್ಲ' ಅಂದದ್ದು ಬೇರೆ, 'ಗೊತ್ತಿಲ್ಲ' ಬೇರೆ, 'ಹೇಳೋದಿಲ್ಲ' ಬೇರೆ, ನಮ್ಮವರು ಕೇಳದೇ ಬಂದದ್ದು ಬೇರೆ. ನಾಲ್ಕಕ್ಕೂ ನಾಲ್ಕು ಕೋಡು ಬೇಕು. ಎಲ್ಲಕ್ಕೂ ಸೊನ್ನೆ ಹೊಡೆದರೆ, ಮಾಸಾಶನದ ಬಗ್ಗೆ ಯಾರೂ ಕೇಳದ ಮುದುಕಿಯೂ 'ಬೇಡ' ಎಂದವಳಾಗಿ ಲೆಕ್ಕಕ್ಕೆ ಬೀಳ್ತಾಳೆ.

ಹರಪನಹಳ್ಳಿ ನೋಡ್ರಿ. ಮೊದಲ ಸರ್ವೆಯಲ್ಲಿ ಬಳ್ಳಾರಿ ಜಿಲ್ಲೆ, ಎರಡನೆಯದರಲ್ಲಿ ದಾವಣಗೆರೆ, 2021ರಿಂದ ವಿಜಯನಗರ. ಆಕೆ ಗುಡಿಸಲು ಬಿಟ್ಟು ಕದಲಿಲ್ಲ, ಜಿಲ್ಲೆ ಮೂರಾದವು! ಅದಕ್ಕೇ ಊರಿಗೊಂದು ಬದಲಾಗದ ಸಂಖ್ಯೆ ಕೊಟ್ಟು, ಜಿಲ್ಲೆ-ತಾಲ್ಲೂಕನ್ನು ಬೇರೆ ಕೋಷ್ಟಕದಲ್ಲಿಡಬೇಕು. ಆಗ ಹಳೇ ಪಟ್ಟಿಯೊಂದಿಗೆ ತಾಳೆ ನೋಡಿ, ಯಾರು ಬಿಟ್ಟುಹೋದರು ಅಂತ ತೋರಿಸಬಹುದು.

ಹೆಸರಿನ ಪಟ್ಟಿ, ಉತ್ತರದ ಪಟ್ಟಿ ಎರಡನ್ನೂ ಬೇರೆ ಬೇರೆ ಇಡ್ರಿ, ನಡುವೆ ಒಂದು ಸಂಖ್ಯೆ ಸಾಕು. ಹೆಸರಿನ ಪಟ್ಟಿಗೆ ಬೀಗ ಇರಲಿ. ಅದು ಊರ ಹಿರೀಕರ ಮೊಬೈಲಿಗೆ ಹೋದರೆ ಆಕೆಯ ಮಗಳ ಮದುವೆ ನಿಂತೀತು.