ಅರ್ಹತೆ ಯಾರಿಗೆ?

(ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ನೆಲೆಸಿರುವ ಶ್ರೀಮಠದ ಸದ್ಭಕ್ತರು ಉಡುಪಿಯಲ್ಲಿ ಏರ್ಪಡಿಸಿದ್ದ ಶ್ರಾವಣಮಾಸದ ಅನುಭಾವಗೋಷ್ಠಿಯಲ್ಲಿ ಪೂಜ್ಯ ಶ್ರೀಗಳು ದಯಪಾಲಿಸಿದ ಆಶೀರ್ವಚನ)



ಘಟ್ಟದ ಮೇಲಿನ ಬಯಲುಸೀಮೆಯನ್ನು ಬಿಟ್ಟು ಈ ಕಡಲತಡಿಗೆ ಬಂದವರು ನೀವು. ಮಣಿಪಾಲದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು, ಕಾರ್ಕಳದಲ್ಲಿ ಕಲ್ಲು ಒಡೆದು, ಉಡುಪಿ-ಕಾಪುಗಳಲ್ಲಿ ಸಣ್ಣಪುಟ್ಟ ವ್ಯಾಪಾರ ಮಾಡಿ ಬದುಕು ಕಟ್ಟಿಕೊಂಡ ಕಾಯಕಜೀವಿಗಳು. ಇಂದು ಯಾವ ವಿಷಯ ಹೇಳೋಣವೆಂದು ಕೇಳಿದಾಗ, ‘ದಾಸೋಹದ ಬಗ್ಗೆ ಅಪ್ಪಣೆಯಾಗಲಿ’ ಎಂದಿರಿ. ಆಗಲಿ, ದಾಸೋಹದ ಬಗ್ಗೆಯೇ ಹೇಳುತ್ತೇವೆ. ಆದರೆ ಅನ್ನದ ದಾಸೋಹವನ್ನಲ್ಲ, ವಿದ್ಯೆಯ ದಾಸೋಹವನ್ನು ಕುರಿತು. ಅದರಲ್ಲಿ ನಮ್ಮದೇ ಒಂದು ತಪ್ಪಿನ ಕಥೆಯೂ ಇದೆ.

2018ನೆಯ ಇಸವಿಯ ಮಾತು. ಗದಗ ಸೀಮೆಯ ಒಬ್ಬ ಭಕ್ತ, ಮಣಿಪಾಲದಲ್ಲಿ ಗೌಂಡಿ ಕೆಲಸ ಮಾಡುವವನು, ಮಗಳನ್ನು ಕರೆದುಕೊಂಡು ಮಠಕ್ಕೆ ಬಂದ. ‘ಅಪ್ಪಾರ, ಕಾಯ್ದೇದಾಗ ಬಡವರ ಮಕ್ಕಳಿಗೆ ದೊಡ್ಡ ಸಾಲ್ಯಾಗ ಸೀಟ್ ಐತಂತ. ಅರ್ಜಿ ಹಾಕೀನ್ರಿ, ಆಶೀರ್ವಾದ ಮಾಡ್ರಿ’ ಎಂದ. ಆಶೀರ್ವಾದ ಮಾಡಿದೆವು. ಅರ್ಜಿ ಬಿದ್ದುಹೋಯಿತು, ಏಕೆಂದರೆ ಅವನ ಆಧಾರ್ ಕಾರ್ಡಿನಲ್ಲಿ ಊರಿನ ವಿಳಾಸವಿತ್ತು, ಇಲ್ಲಿಯದಿರಲಿಲ್ಲ. ಮರುವರ್ಷ ವಿಳಾಸ ಸರಿಮಾಡಿಸಿಕೊಂಡು ಹೋದ. ಅಷ್ಟರಲ್ಲಿ ನಿಯಮವೇ ಬದಲಾಗಿತ್ತು. ‘ಸಮೀಪದಲ್ಲಿ ಸರ್ಕಾರಿ ಶಾಲೆಯಿದೆ, ಆದ್ದರಿಂದ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ’ ಎಂದರು.

ಮತ್ತೆ ನಮ್ಮ ಬಳಿಗೆ ಬಂದ. ‘ಚಿಂತೆ ಬೇಡ, ಸರ್ಕಾರಿ ಶಾಲೆಗೇ ಹಾಕು; ದೊಡ್ಡವರೆಲ್ಲ ಅಲ್ಲಿ ಓದಿದವರೇ’ ಎಂದು ಸಮಾಧಾನ ಹೇಳಿದೆವು. ಅವನು ಕೈಮುಗಿದು, ‘ಹಾಕ್ತೀನ್ರಿ ಅಪ್ಪಾರ. ಒಂದು ಮಾತು ಕೇಳ್ಲೇನ್ರಿ? ನಾ ಊರಾಗ ಇದ್ದಿದ್ರ, ನಿಮ್ಮ ಸಾಲ್ಯಾಗ ನನ್ನ ಮಗಳಿಗೆ ಜಾಗ ಸಿಗತಿತ್ತೇನ್ರಿ?’ ಎಂದ.

ನಮಗೆ ಉತ್ತರ ಹೊಳೆಯಲಿಲ್ಲ. ಏಕೆ ಹೊಳೆಯಲಿಲ್ಲವೆಂಬುದನ್ನು ತಿಳಿಯಬೇಕಾದರೆ ಕಾನೂನಿನ ಮಾತನ್ನು ಸ್ವಲ್ಪ ಆಡಬೇಕು.

2002ನೆಯ ಇಸವಿ ಈ ವಿಷಯದಲ್ಲಿ ನೆನಪಿಡತಕ್ಕದ್ದು. ಆ ವರ್ಷದ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಒಂದು ತೀರ್ಪು ಕೊಟ್ಟಿತು. ನೀವಿರುವ ಮಣಿಪಾಲದ ಹೆಸರೇ ಅದಕ್ಕೆ ಅಂಟಿಕೊಂಡಿದೆ: ಟಿ.ಎಂ.ಎ. ಪೈ ಪ್ರತಿಷ್ಠಾನಕ್ಕೂ ಕರ್ನಾಟಕ ರಾಜ್ಯಕ್ಕೂ ನಡೆದ ವ್ಯಾಜ್ಯ. ಸರ್ಕಾರದ ಹಣವಿಲ್ಲದೆ ನಡೆಯುವ ಸಂಸ್ಥೆಗಳಿಗೆ ಪ್ರವೇಶ ಮತ್ತು ಶುಲ್ಕದ ವಿಷಯದಲ್ಲಿ ಸ್ವಾತಂತ್ರ್ಯವುಂಟು, ಆದರೆ ಲಾಭಕೋರತನ ಸಲ್ಲದು, ಕ್ಯಾಪಿಟೇಶನ್ ಶುಲ್ಕ ಸಲ್ಲದು ಎಂದು ಅದರ ಸಾರ. ಅದೇ ವರ್ಷದ ಡಿಸೆಂಬರಿನಲ್ಲಿ ಸಂವಿಧಾನಕ್ಕೆ 86ನೆಯ ತಿದ್ದುಪಡಿ ಬಂದು, 6ರಿಂದ 14 ವರ್ಷದ ಮಕ್ಕಳಿಗೆ ವಿದ್ಯೆ ಮೂಲಭೂತ ಹಕ್ಕಾಯಿತು. ಅದೇ ವರ್ಷ ನಮ್ಮ ರಾಜ್ಯ ಸರ್ಕಾರ ಈಶಾನ್ಯ ಜಿಲ್ಲೆಗಳ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ ತೊಡಗಿಸಿ, ಅದಕ್ಕೆ ‘ಅಕ್ಷರ ದಾಸೋಹ’ವೆಂದು ಶರಣರ ಮಾತನ್ನೇ ಹೆಸರಾಗಿ ಇಟ್ಟಿತು. ಸಂಸ್ಥೆಗೆ ಹಕ್ಕಿದೆಯೆಂದು ಒಬ್ಬರೆಂದರು. ಮಗುವಿಗೆ ಹಕ್ಕಿದೆಯೆಂದು ಇನ್ನೊಬ್ಬರೆಂದರು. ಮೊದಲು ಹೊಟ್ಟೆ ತುಂಬಲಿ ಎಂದು ಮತ್ತೊಬ್ಬರೆಂದರು.

ಈ ಎರಡು ಹಕ್ಕುಗಳನ್ನು ಕೂಡಿಸಲು 2009ರ ಶಿಕ್ಷಣ ಹಕ್ಕು ಕಾಯ್ದೆ ಹೊರಟಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅನುದಾನವಿಲ್ಲದ ಖಾಸಗಿ ಶಾಲೆಯೂ ತನ್ನ ಒಂದನೆಯ ತರಗತಿಯ ನಾಲ್ಕರಲ್ಲಿ ಒಂದು ಪಾಲನ್ನು ನೆರೆಹೊರೆಯ ಬಡ ಮತ್ತು ಹಿಂದುಳಿದ ಮಕ್ಕಳಿಗೆ ಬಿಡಬೇಕು. ಎಂಟನೆಯ ತರಗತಿಯವರೆಗೂ ಅವರಿಂದ ಶುಲ್ಕ ಕೇಳಕೂಡದು. ಸರ್ಕಾರ ತನ್ನ ಶಾಲೆಯ ಮಗುವಿಗೆ ಮಾಡುವ ವೆಚ್ಚ ಅಥವಾ ಆ ಶಾಲೆಯ ಶುಲ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಶಾಲೆಗೆ ಕಟ್ಟಿಕೊಡುತ್ತದೆ. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಒಪ್ಪಿತು.

ಉಡುಪಿಯಲ್ಲಿ ಕುಳಿತು ಈ ಮಾತನ್ನಾಡುವಾಗ ಕನಕನ ಕಿಂಡಿ ಕಣ್ಮುಂದೆ ಬರುತ್ತದೆ. ಬಾಗಿಲಲ್ಲಿ ಸಲ್ಲದ ಭಕ್ತನಿಗಾಗಿ ಗೋಡೆಯೇ ಬಿರುಕುಬಿಟ್ಟು ಕಿಂಡಿಯಾಯಿತೆಂದು ಜನರ ನಂಬಿಕೆ. ನಾಲ್ಕರಲ್ಲಿ ಒಂದೆಂಬ ಈ ವಿಧಿಯೂ ಅಂಥ ಕಿಂಡಿಯೇ. ಗೋಡೆ ಹಾಗೆಯೇ ನಿಂತಿತ್ತು; ಆದರೂ ಒಳಗಿನ ಬೆಳಕು ಹೊರಗಿನವನಿಗೆ ಕಂಡಿತು.

2019ರ ಆರಂಭದಲ್ಲಿ ನಮ್ಮ ರಾಜ್ಯ ಆ ನಿಯಮವನ್ನು ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಶಾಲೆ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಕೊಡಬೇಕಾಗಿಲ್ಲ. ಒಂದು ಲಕ್ಷಕ್ಕೂ ಮೀರಿದ್ದ ಸೀಟುಗಳು ತೀರ ಕಡಿಮೆಯಾದವು. ರಾಜ್ಯದ ಉಚ್ಚನ್ಯಾಯಾಲಯ ಅದೇ ವರ್ಷ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನೆರೆಯ ಮಹಾರಾಷ್ಟ್ರ 2024ರಲ್ಲಿ ಇಂಥದೇ ನಿಯಮ ತಂದಾಗ ಮುಂಬಯಿಯ ಉಚ್ಚನ್ಯಾಯಾಲಯ ಅದನ್ನು ರದ್ದುಮಾಡಿತು. ಒಂದೇ ಕಾಯ್ದೆ, ಎರಡು ರಾಜ್ಯ, ಎರಡು ತೀರ್ಪು. ಬಲ್ಲವರಿಗೇ ಇದು ಕಠಿಣವಾದ ಪ್ರಶ್ನೆಯೆಂದು ಇದರಿಂದ ತಿಳಿಯಬೇಕು.

ಸರ್ಕಾರದ ವಾದವನ್ನೂ ನ್ಯಾಯವಾಗಿ ಹೇಳಬೇಕು. ‘ನಮ್ಮ ಶಾಲೆಗಳು ಬರಿದಾಗುತ್ತಿರುವಾಗ ಖಾಸಗಿಯವರಿಗೆ ಹಣ ಏಕೆ ಕಟ್ಟಬೇಕು? ಬಾಗಿಲೇ ತೆರೆದಿರುವಾಗ ಕಿಂಡಿ ಏಕೆ?’ ಎಂಬುದು ಅವರ ಮಾತು. ಇದು ಸುಳ್ಳಲ್ಲ. ಆದರೆ ಬಾಗಿಲ ಒಳಗೆ ಯಾರಿದ್ದಾರೆಂದು ನೋಡಬೇಡವೆ? ಮಕ್ಕಳ ಸಂಖ್ಯೆ 60ರ ಒಳಗಿದ್ದರೆ ಐದು ತರಗತಿಗಳಿಗೆ ಇಬ್ಬರು ಮೇಷ್ಟರೆಂದು ಅದೇ ಕಾಯ್ದೆಯ ಲೆಕ್ಕ. ಒಬ್ಬರು ಸಭೆಗೆ ಹೋದರೆ ಇನ್ನೊಬ್ಬರು ಐದು ತರಗತಿಯನ್ನೂ ಕಾಯಬೇಕು. ಇದನ್ನು ಕಂಡ ತಂದೆತಾಯಿ ಮಗುವನ್ನು ಬಿಡಿಸಿಕೊಳ್ಳುತ್ತಾರೆ. ಮಗು ಹೋದರೆ ಮೇಷ್ಟರ ಹುದ್ದೆಯೂ ಹೋಗುತ್ತದೆ.

‘ಅನುದಾನ’ವೆಂಬ ಶಬ್ದವನ್ನೇ ನೋಡಿ. ‘ಅನು’ ಎಂದರೆ ಹಿಂದೆ, ಅನುಸರಿಸಿ ಎಂದರ್ಥ. ಹಿಂಬಾಲಿಸಿ ಬರುವ ದಾನ ಅನುದಾನ. ಯಾರನ್ನು ಹಿಂಬಾಲಿಸಿ? ಮಕ್ಕಳನ್ನು. ಅನುಕೂಲಸ್ಥರ ಮಕ್ಕಳು ಮೊದಲು ಹೊರಟರು. ಅವರ ಹಿಂದೆ ಅವರ ತಂದೆಯ ವರ್ಚಸ್ಸು ಹೊರಟಿತು, ಶಾಲೆಗಾಗಿ ಕಚೇರಿಗೆ ಹೋಗಿ ಕೇಳುವ ಬಾಯಿ ಹೊರಟಿತು, ಕಡೆಗೆ ಹಣವೂ ಹೊರಟಿತು. ಉಳಿದದ್ದು ಬಡವನ ಮಗು, ಸೋರುವ ಹಂಚು.

ಈಗ ಮಠದ ಮಾತಿಗೆ ಬರೋಣ. ಅಮರಕೋಶವನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದವರು ನಾವು. ಅದರಲ್ಲಿ ಮಠವೆಂದರೆ ವಿದ್ಯಾರ್ಥಿ ಮೊದಲಾದವರು ವಾಸಿಸುವ ಮನೆಯೆಂದೇ ಅರ್ಥ ಹೇಳಿದೆ. ಈ ಜಿಲ್ಲೆಯ ಹಿರಿಯರು ಹಿಂದಿನ ಕಾಲದ ಜಗಲಿಯ ಶಾಲೆಗೆ ‘ಐಗಳ ಮಠ’ವೆನ್ನುತ್ತಿದ್ದರು. ಹೀಗೆ ಮಠವೆಂದರೆ ಮೊದಲು ಮಕ್ಕಳು, ಆಮೇಲೆ ಸ್ವಾಮಿಗಳು. ನಮ್ಮ ಮಠಕ್ಕೂ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಯಿದೆ. 2019ರಲ್ಲಿ ನಿಯಮ ಬದಲಾದಾಗ ಅದರ ಆಡಳಿತ ಸಮಿತಿಯ ಸಭೆಯಲ್ಲಿ ನಾವೇ ಅಧ್ಯಕ್ಷತೆ ವಹಿಸಿದ್ದೆವು. ‘ಇನ್ನು ಸರ್ಕಾರದ ಹಣಕ್ಕೆ ಕಾಯುವ ತಾಪತ್ರಯವಿಲ್ಲ’ ಎಂದು ಸದಸ್ಯರು ನೆಮ್ಮದಿಪಟ್ಟರು. ನಾವು ಸುಮ್ಮನಿದ್ದೆವು. ನಮಗೂ ಒಳಗೊಳಗೆ ನೆಮ್ಮದಿಯೇ ಆಗಿತ್ತು. ಮೂರು ತಿಂಗಳು ಕಳೆದ ಮೇಲೆ ಆ ಗೌಂಡಿ ಬಂದು ನಮ್ಮನ್ನು ಕೇಳಿದ.

ದಾನಕ್ಕೆ ಪಾತ್ರಾಪಾತ್ರ ವಿವೇಚನೆ ಬೇಕೆಂದು ಧರ್ಮಶಾಸ್ತ್ರಗಳು ವಿಸ್ತಾರವಾಗಿ ಹೇಳುತ್ತವೆ. ಕಾಯ್ದೆಯೂ ದಾನದ ಜಾತಿಗೆ ಸೇರಿದ್ದು. ಅದು ಆದಾಯದ ಪತ್ರ ಕೇಳುತ್ತದೆ, ಜಾತಿಯ ಪತ್ರ ಕೇಳುತ್ತದೆ, ವಿಳಾಸ ಕೇಳುತ್ತದೆ. ಕೇಳಲೇಬೇಕು, ಇಲ್ಲವಾದರೆ ಉಳ್ಳವನೇ ಬಂದು ಉಂಡುಹೋಗುತ್ತಾನೆ. ಆದರೆ ದಾಸೋಹದ ರೀತಿ ಬೇರೆ. ಅಲ್ಲಿ ಕೊಡುವವನೇ ದಾಸ. ಬಂದವನು ಪಾತ್ರನೋ ಅಲ್ಲವೋ ಎಂದು ಅವನು ಕೇಳುವುದಿಲ್ಲ. ಕೊಡಲು ತಾನು ಅರ್ಹನೋ ಅಲ್ಲವೋ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಕಾಪುವಿನ ದೀಪಸ್ತಂಭವನ್ನು ನೀವು ದಿನವೂ ನೋಡುತ್ತೀರಿ. 1901ರಲ್ಲಿ ಕಟ್ಟಿದ್ದು. ಬರುವ ದೋಣಿ ಯಾವ ಊರಿನದೆಂದು ಕೇಳಿ ಅದು ಬೆಳಕು ಕೊಡುತ್ತದೆಯೆ? ಅದರ ಎಚ್ಚರವೆಲ್ಲ ತನ್ನ ದೀಪ ಆರದಿರಲಿ ಎಂಬುದೊಂದೇ.

ನಮ್ಮ ಸಮಿತಿಯನ್ನು ಮತ್ತೆ ಕರೆದೆವು. ಕಾನೂನು ಬಿಟ್ಟರೂ ನಾವು ಬಿಡಬಾರದು, ನಾಲ್ಕರಲ್ಲಿ ಒಂದು ಸೀಟು ಬಡವರಿಗಿರಲಿ ಎಂದೆವು. ಶುಲ್ಕ ಕೊಡುವವರು ಶಾಲೆ ಬಿಟ್ಟುಹೋದಾರೆಂದು ಕೆಲವರು ಅಂಜಿದರು. ಹಿರಿಯರೊಬ್ಬರು ರಾಜೀನಾಮೆಯನ್ನೇ ಕೊಟ್ಟರು. ಕಡೆಗೆ 2022ರ ಜೂನಿನಿಂದ ಅದು ಜಾರಿಗೆ ಬಂತು. ಆದರೆ ಮೊದಲ ವರ್ಷ ಅರ್ಧ ಸೀಟುಗಳೂ ತುಂಬಲಿಲ್ಲ! ಏಕೆಂದು ವಿಚಾರಿಸಿದರೆ, ಶುಲ್ಕ ಬಿಟ್ಟಿದ್ದೆವು, ಬಸ್ಸಿನ ಹಣ ಮತ್ತು ಸಮವಸ್ತ್ರದ ಹಣ ಬಿಡಲು ಮರೆತಿದ್ದೆವು. ಬಾಗಿಲು ತೆರೆದು ಮೆಟ್ಟಿಲು ಇಡದಿದ್ದ ಹಾಗಾಯಿತು. ಕೊಡುವವನ ಅರ್ಹತೆಯೆಂದರೆ ಇದನ್ನೇ ನಾವು ಹೇಳಿದ್ದು. ಬಡವನ ಕಷ್ಟ ಎಲ್ಲಿ ತೊಡಗಿ ಎಲ್ಲಿ ಮುಗಿಯುತ್ತದೆಂದು ತಿಳಿಯದವನು ಕೊಟ್ಟರೂ ಕೊಟ್ಟಂತಾಗುವುದಿಲ್ಲ.

ನಿಮ್ಮಲ್ಲಿ ನಮ್ಮ ಬೇಡಿಕೆ ಎರಡು. ಮುಂದಿನ ವರ್ಷ ನಮಗೆ ಬೆಳ್ಳಿಯ ತುಲಾಭಾರ ಮಾಡಬೇಕೆಂದು ಹಣ ಕೂಡಿಸುತ್ತಿದ್ದೀರೆಂದು ಕೇಳಿದ್ದೇವೆ. ಅದು ಬೇಡ. ಸಣ್ಣ ಹಣದ ದೊಡ್ಡ ಶಕ್ತಿಯನ್ನು ನಾಡಿಗೆ ತೋರಿಸಿದ ನೆಲವಿದು. 1928ರಲ್ಲಿ ಇಲ್ಲಿಯ ಸಿಂಡಿಕೇಟ್ ಬ್ಯಾಂಕು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಕೂಡಿಸತೊಡಗಿತು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿಯೆಂಬ ಮಾತು ಮಾತ್ರ ಜನರ ಬಾಯಲ್ಲಿ ಉಳಿಯಿತು. ನೀವೂ ಹಾಗೆಯೇ ದಿನಕ್ಕೆ ಐದೋ ಹತ್ತೋ ಕೂಡಿಸಿರಿ. ಅದನ್ನು ಮಠಕ್ಕೆ ತರಬೇಡಿರಿ. ನಿಮ್ಮ ಮಕ್ಕಳು ಓದುವ ಇಲ್ಲಿಯ ಕನ್ನಡ ಶಾಲೆಗೇ ಕೊಡಿರಿ.

ಎರಡನೆಯದು ಹಣಕ್ಕಿಂತ ದೊಡ್ಡದು. ಶಾಲೆಯ ಅಭಿವೃದ್ಧಿ ಸಮಿತಿಯಲ್ಲಿ ತಂದೆತಾಯಿಗಳಿಗೆ ಸ್ಥಾನವಿದೆ. ಸಭೆಗೆ ಹೋಗಿ ಕುಳಿತುಕೊಳ್ಳಿರಿ. ‘ನಾವು ಪರವೂರಿನವರು, ಕೂಲಿಯವರು’ ಎಂದು ಹಿಂಜರಿಯಬೇಡಿರಿ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸಕೂಡದೆಂದು ಕಾಯ್ದೆಯಲ್ಲೇ ಇದೆ. ಮೇಷ್ಟರಿಲ್ಲದಿದ್ದರೆ ಕೇಳಿರಿ, ಹಂಚು ಸೋರಿದರೆ ಕೇಳಿರಿ. ಉಳ್ಳವರ ಜೊತೆ ಹೊರಟುಹೋದ ಆ ಬಾಯಿ ನೀವಾಗಿರಿ.

ಆ ಗೌಂಡಿಯ ಮಗಳು ಸರ್ಕಾರಿ ಶಾಲೆಗೇ ಹೋದಳು. ಈಗ ಹೈಸ್ಕೂಲಿನ ವಯಸ್ಸು. ಇಂದು ಇಲ್ಲಿಗೆ ಬಂದಿದ್ದಾಳೆ. ಬೆಳಿಗ್ಗೆ ನಮಸ್ಕಾರ ಮಾಡಲು ಬಂದಾಗ ನಮ್ಮೊಡನೆ ಊರಿನ ಮಾತು, ಗೆಳತಿಯೊಡನೆ ತುಳು, ಎರಡನ್ನೂ ಸರಾಗವಾಗಿ ಆಡಿದಳು. ಅವಳ ತಂದೆಗೆ ನಾವು ಅಂದು ಕೊಡದ ಉತ್ತರ ಇಂದು ಕೊಡುತ್ತೇವೆ: ‘ಇಲ್ಲಪ್ಪ, ಅಂದು ನಮ್ಮ ಶಾಲೆಯಲ್ಲಿ ನಿನ್ನ ಮಗಳಿಗೆ ಜಾಗ ಸಿಗುತ್ತಿರಲಿಲ್ಲ. ಅರ್ಹತೆಯಿಲ್ಲದವರು ನಾವಾಗಿದ್ದೆವು.’