ಮೊಬೈಲಿನ ಸಲಹೆ ಮತ್ತು ರೈತನ ಲೆಕ್ಕ

(ಚಳ್ಳಕೆರೆ ಹಾಗೂ ಮೊಳಕಾಲ್ಮೂರು ತಾಲ್ಲೂಕುಗಳ ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಮುಂಗಾರಿಗೆ ಮೊದಲು ಶೇಂಗಾ ಬಿತ್ತನೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದೀರಿ. ಬೀಜೋಪಚಾರ, ಸಾಲಿನ ಅಂತರ, ಜಿಪ್ಸಂ ಬಳಕೆ ಇವುಗಳನ್ನು ನೀವು ಹಲವು ಸಲ ಕೇಳಿದ್ದೀರಿ. ಆದರೆ ಕಳೆದ ಸಭೆಯಲ್ಲಿ ಹಿರಿಯ ರೈತರೊಬ್ಬರು ನನ್ನನ್ನು ಕೇಳಿದ ಪ್ರಶ್ನೆಗೆ ಅಂದು ನನ್ನಿಂದ ಸರಿಯಾದ ಉತ್ತರ ಬರಲಿಲ್ಲ. "ಸಾಹೇಬರೇ, ಆರಿದ್ರಾ ಮಳೆ ನೋಡಿ ಬಿತ್ತು ಅಂತ ನಮ್ಮಪ್ಪ ಹೇಳುತ್ತಿದ್ದ. ಈಗ ಮಗನ ಮೊಬೈಲು ಬೇರೆ ತಾರೀಖು ಹೇಳುತ್ತದೆ. ನಮ್ಮಪ್ಪ ತಪ್ಪಿದರೆ ಮನೆಯಲ್ಲೇ ಜಗಳ ಆಡಬಹುದಿತ್ತು. ಮೊಬೈಲು ತಪ್ಪಿದರೆ ಯಾರ ಹತ್ತಿರ ಆಡಲಿ?" ಎಂದರು. ಇಂದು ಆ ಪ್ರಶ್ನೆಗೆ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ದೇವನಕೊಂಡದ ಪ್ರಯೋಗ

ಮೊದಲು ಅನುಕೂಲದ ಕಡೆಯನ್ನೇ ನೋಡೋಣ. ಬಳ್ಳಾರಿಯಾಚೆ ಆಂಧ್ರದ ಕರ್ನೂಲು ಜಿಲ್ಲೆಯಲ್ಲಿ ದೇವನಕೊಂಡ ಎಂಬ ಮಂಡಲವಿದೆ. ಅಲ್ಲಿಯೂ ನಮ್ಮ ಹಾಗೆಯೇ ಖುಷ್ಕಿ ಬೇಸಾಯ, ಶೇಂಗಾ ಬೆಳೆ. 2016ರಲ್ಲಿ ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆ ಮತ್ತು ಅಮೆರಿಕದ ಮೈಕ್ರೋಸಾಫ್ಟ್ ಕಂಪನಿ ಸೇರಿ ಅಲ್ಲಿನ 175 ರೈತರಿಗೆ ಮೊಬೈಲ್ ಸಂದೇಶ ಕಳುಹಿಸಿದವು. ಜೂನ್ ಮೊದಲ ವಾರದಲ್ಲಿ ಬಿತ್ತುವ ವಾಡಿಕೆಯನ್ನು ಬಿಟ್ಟು ಜೂನ್ 25ರ ಸುಮಾರಿಗೆ ಬಿತ್ತಿರಿ ಎಂಬುದೇ ಆ ಸಲಹೆ. ಸಲಹೆ ಪಾಲಿಸಿದವರಿಗೆ ಸರಾಸರಿ ಶೇಕಡ 30ರಷ್ಟು ಹೆಚ್ಚು ಇಳುವರಿ ಬಂದಿತೆಂದು ವರದಿಯಾಯಿತು.

ಇದು ಸಂತೋಷದ ಸಂಗತಿ. ಆದರೆ ಬೇಸಾಯ ಶಾಸ್ತ್ರದ ವಿದ್ಯಾರ್ಥಿಯೊಬ್ಬ ಒಂದೇ ಹಂಗಾಮಿನ ಫಲಿತಾಂಶ ತಂದರೆ ನಾವು ಪ್ರಬಂಧಕ್ಕೆ ಒಪ್ಪಿಗೆ ಕೊಡುವುದಿಲ್ಲ. ಒಳ್ಳೆಯ ಮಳೆಯ ವರ್ಷ, ಬರದ ವರ್ಷ, ನಡುವೆ ಮಳೆ ಕೈಕೊಟ್ಟ ವರ್ಷ ಇವೆಲ್ಲವನ್ನೂ ದಾಟಿದ ಮೇಲೆಯೇ ಅದು ಶಿಫಾರಸು. ಕಂಪನಿಯ ಪ್ರಕಟಣೆಗೂ ಇದೇ ಅಳತೆ ಇರಬೇಕು.

ಇನ್ನೊಂದು ವಿಷಯ ಗಮನಿಸಿ. ಆ ಸಲಹೆಯ ತಳಪಾಯ ಯಾವುದು? 1986ರಿಂದ 2015ರವರೆಗಿನ 30 ವರ್ಷಗಳ ಹವಾಮಾನದ ಲೆಕ್ಕ. ಇಂಥ ಲೆಕ್ಕವನ್ನು ಬರೆದಿಡುವವರು ಯಾರು? ದಿನಾ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆಯುವ ಸರ್ಕಾರಿ ನೌಕರರು. ಅದಕ್ಕೆ ಹಣ ಕೊಡುವವರು ತೆರಿಗೆ ಕಟ್ಟುವ ಜನ. ಬಾವಿ ನಮ್ಮದು, ಹಗ್ಗ ನಮ್ಮದು, ಬಂದದ್ದು ಹೊಸ ಕೊಡ ಮಾತ್ರ. ಕೊಡ ತಂದವನಿಗೆ ಕೂಲಿ ಕೊಡೋಣ. ಆದರೆ ಬಾವಿಯನ್ನೇ ಅವನ ಹೆಸರಿಗೆ ಬರೆದುಕೊಡಬೇಕಾಗಿಲ್ಲ.

2017ರಲ್ಲಿ ನಮ್ಮ ರಾಜ್ಯದ ಕೃಷಿ ಬೆಲೆ ಆಯೋಗವೂ ಬೆಲೆಯ ಮುನ್ಸೂಚನೆಗಾಗಿ ಇದೇ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. 2021ರಲ್ಲಿ ಕೇಂದ್ರ ಕೃಷಿ ಸಚಿವಾಲಯ 6 ರಾಜ್ಯಗಳ 100 ಹಳ್ಳಿಗಳ ಪ್ರಾಯೋಗಿಕ ಯೋಜನೆಗೆ ಒಪ್ಪಂದ ಮಾಡಿಕೊಂಡಾಗ, ರೈತರ ಮಾಹಿತಿ ಯಾರ ಕೈಸೇರುತ್ತದೆ ಎಂದು 50ಕ್ಕೂ ಹೆಚ್ಚು ಸಂಘಟನೆಗಳು ಪತ್ರ ಬರೆದು ಪ್ರಶ್ನಿಸಿದವು. ಪ್ರಶ್ನೆ ನ್ಯಾಯವಾದದ್ದೇ. 2013ರಲ್ಲಿ ಬೀಜದ ಕಂಪನಿಯಾದ ಮೊನ್ಸಾಂಟೊ, ಹವಾಮಾನದ ಲೆಕ್ಕ ಹಾಕುವ ಕ್ಲೈಮೇಟ್ ಕಾರ್ಪೊರೇಷನ್ನನ್ನು ಸುಮಾರು 93 ಕೋಟಿ ಡಾಲರಿಗೆ ಕೊಂಡಿತು. 2018ರಲ್ಲಿ ಔಷಧಿಯ ಕಂಪನಿಯಾದ ಬೇಯರ್ ಆ ಮೊನ್ಸಾಂಟೊವನ್ನೇ ಕೊಂಡಿತು. ಮಳೆ ಹೇಳುವವನು, ಬೀಜ ಮಾರುವವನು, ಔಷಧಿ ಮಾರುವವನು ಒಬ್ಬನೇ ಆದರೆ, "ಈ ವಾರ ಸಿಂಪಡಿಸಿ" ಎಂಬ ಮಾತು ಸಲಹೆಯೋ ವ್ಯಾಪಾರವೋ ಎಂದು ರೈತ ಹೇಗೆ ತಿಳಿಯಬೇಕು?

ಮುಕ್ತ ತಂತ್ರಾಂಶವೆಂದರೇನು?

ಇದಕ್ಕೆ ಪರಿಹಾರವಾಗಿ ಕೆಲವರು ಮುಕ್ತ ತಂತ್ರಾಂಶ, ಅಂದರೆ ಓಪನ್ ಸೋರ್ಸ್ ಎಂಬುದನ್ನು ಹೇಳುತ್ತಾರೆ. ಅದನ್ನು ಬೀಜದ ಉದಾಹರಣೆಯಿಂದಲೇ ಹೇಳುತ್ತೇನೆ.

ಬಿ.ಟಿ. ಹತ್ತಿಯ ಹೈಬ್ರಿಡ್ ಬೀಜವನ್ನು ಪ್ರತಿವರ್ಷ ಅಂಗಡಿಯಿಂದಲೇ ತರಬೇಕು. ಮನೆಯಲ್ಲಿ ಎತ್ತಿಟ್ಟ ಬೀಜ ಅದೇ ಗುಣ ಕೊಡುವುದಿಲ್ಲ. ಒಳಗುಟ್ಟು ಮಾರುವವನ ಬಳಿಯೇ ಉಳಿಯುತ್ತದೆ. ಕಂಪನಿಗಳ ಮುಚ್ಚಿದ ತಂತ್ರಾಂಶ ಹೀಗೆಯೇ. ಶೇಂಗಾ ಹಾಗಲ್ಲ. ಅದು ಸ್ವಕೀಯ ಪರಾಗಸ್ಪರ್ಶದ ಬೆಳೆ. ಟಿ.ಎಂ.ವಿ.–2 ತಳಿಯನ್ನು ಅಂದಿನ ಮದ್ರಾಸ್ ಪ್ರಾಂತ್ಯದ ತಿಂಡಿವನಂ ಕೇಂದ್ರದವರು 1940ರಲ್ಲಿ ಬಿಡುಗಡೆ ಮಾಡಿದರು. ಅಲ್ಲಿಂದ ಅದು ಕೈಯಿಂದ ಕೈಗೆ, ಬೀಗರ ಮನೆಯಿಂದ ಬೀಗರ ಮನೆಗೆ ಹರಡಿ ನಮ್ಮ ಕೆಂಪು ಹೊಲಗಳನ್ನೆಲ್ಲ ತುಂಬಿತು. ಎತ್ತಿಡಬಹುದು, ಹಂಚಬಹುದು, ಆರಿಸಿ ಉತ್ತಮಪಡಿಸಬಹುದು. ಮುಕ್ತ ತಂತ್ರಾಂಶದ ಗುಣವೂ ಇದೇ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬುವರು 1983ರಲ್ಲಿ ಈ ಚಳುವಳಿಯನ್ನು ಆರಂಭಿಸಿದಾಗ, ಇದು ಬೆಲೆಯ ಮಾತಲ್ಲ, ಸ್ವಾತಂತ್ರ್ಯದ ಮಾತು ಎಂದೇ ವಿವರಿಸಿದರು.

ಆದರೆ ಟಿ.ಎಂ.ವಿ.–2ರ ಇನ್ನರ್ಧ ಕಥೆ ನಿಮಗೆ ಗೊತ್ತಿದೆ. ಎಲ್ಲರ ಬೀಜವಾದದ್ದರಿಂದ ಅದರ ಶುದ್ಧತೆ ಕಾಯುವ ಹೊಣೆ ಯಾರದೂ ಆಗಲಿಲ್ಲ. ಬೆರಕೆಯಾಯಿತು. ಎಲೆಚುಕ್ಕೆ, ತುಕ್ಕು ರೋಗಕ್ಕೆ ಸುಲಭವಾಗಿ ತುತ್ತಾಗುವ ಆ ತಳಿಯನ್ನೇ ಅದಕ್ಕಿಂತ ಉತ್ತಮ ತಳಿಗಳು ಬಂದ ಮೇಲೂ ನಾವು ಬಿಡಲಿಲ್ಲ. ಊರ ಕೆರೆ ಎಲ್ಲರದು, ಹೂಳೆತ್ತುವವರು ಯಾರೂ ಇಲ್ಲ. ಮುಕ್ತ ತಂತ್ರಾಂಶದಲ್ಲಿಯೂ ಹೀಗಾಗಿದೆ. 2014ರಲ್ಲಿ ಓಪನ್ ಎಸ್ಸೆಸ್ಸೆಲ್ ಎಂಬ, ಜಗತ್ತಿನ ಬಹುಪಾಲು ಜಾಲತಾಣಗಳ ಬೀಗದಂತಿದ್ದ ತಂತ್ರಾಂಶದಲ್ಲಿ ದೊಡ್ಡ ದೋಷ ಪತ್ತೆಯಾಯಿತು. ಕೋಟ್ಯಂತರ ಜನ ನೆಚ್ಚಿದ್ದ ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. ಎಲ್ಲರ ಕಣ್ಣೆದುರಿಗಿದ್ದ ದೋಷ ಸುಮಾರು ಎರಡು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕಾಣುವುದು ಬೇರೆ, ಓದಲು ಬರುವುದು ಬೇರೆ. ಮೊಳಕಾಲ್ಮೂರಿನವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಬ್ರಹ್ಮಗಿರಿಯ ಅಶೋಕನ ಶಾಸನ ಎಲ್ಲರೂ ಓದಲೆಂದು ಬಂಡೆಯ ಮೇಲೆ ಬರೆಸಿದ್ದು. ಜನ ಅದನ್ನು ಅಕ್ಷರಗುಂಡು ಎಂದು ಕರೆದರು, ಆದರೆ ಶತಮಾನಗಳ ಕಾಲ ಒಂದಕ್ಷರ ಓದಲಾಗಲಿಲ್ಲ. 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟನ್ನು ಬಿಡಿಸಿ, 1892ರಲ್ಲಿ ಬಿ.ಎಲ್. ರೈಸ್ ಇಲ್ಲಿಗೆ ಬಂದ ಮೇಲೆಯೇ ಬಂಡೆ ಮಾತಾಡಿತು. ತಂತ್ರಾಂಶ ಮುಕ್ತವಾಗಿದೆ ಎಂದ ಮಾತ್ರಕ್ಕೆ ಅದು ರೈತನ ಕೈಗೆ ಬಂದಂತಲ್ಲ. ಅದನ್ನು ಓದಬಲ್ಲವರು ರೈತನ ಪಕ್ಷದಲ್ಲಿಯೂ ಇರಬೇಕು. ಇದು ನಮ್ಮಂಥ ಕೃಷಿ ವಿಶ್ವವಿದ್ಯಾನಿಲಯದವರ ಕೆಲಸ. ನಾವು ಇದನ್ನು ಸಾಕಷ್ಟು ಮಾಡಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ದೊಡ್ಡ ಕಂಪನಿಗಳು ಮುಕ್ತ ತಂತ್ರಾಂಶದ ವಿರೋಧಿಗಳು ಎಂದೂ ತಿಳಿಯಬೇಡಿ. ಅವರು ಅದರಿಂದಲೇ ಬೆಳೆದವರು. ನಿಮ್ಮ ಜೇಬಿನ ಆಂಡ್ರಾಯ್ಡ್ ಮೊಬೈಲಿನ ತಳದಲ್ಲಿ 1991ರಲ್ಲಿ ಹುಟ್ಟಿದ ಲಿನಕ್ಸ್ ಎಂಬ ಮುಕ್ತ ತಂತ್ರಾಂಶವಿದೆ. ಹೊಲ ಮುಕ್ತ, ಆದರೆ ಸಂತೆಯ ಬಾಗಿಲು ಗೂಗಲ್ ಕಂಪನಿಯದು. ಈ ಬಲವನ್ನು ದುರುಪಯೋಗಪಡಿಸಿಕೊಂಡಿತೆಂದು ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. 2023ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯೂ ದಂಡವನ್ನು ಎತ್ತಿಹಿಡಿಯಿತು. ಆದುದರಿಂದ "ಮುಕ್ತ" ಎಂಬ ಚೀಟಿ ನೋಡಿ ನಂಬುವುದೂ ಬೇಡ, "ಕಂಪನಿ" ಎಂಬ ಹೆಸರು ಕೇಳಿ ಬೆದರುವುದೂ ಬೇಡ.

ನನ್ನದೇ ಒಂದು ತಪ್ಪು

ಕೆಲವು ವರ್ಷಗಳ ಹಿಂದೆ ನಾನೇ ಒಂದು ಕಂಪನಿಯ ಆಪ್‌ನ್ನು ಈ ಭಾಗದ ಕೆಲವು ರೈತರಿಗೆ ಶಿಫಾರಸು ಮಾಡಿದ್ದೆ. ಬಿತ್ತಿದ ದಿನ, ತಳಿ, ಮಳೆ, ಖರ್ಚು, ಇಳುವರಿ ಎಲ್ಲವನ್ನೂ ಅದರಲ್ಲಿ ತುಂಬಬಹುದಿತ್ತು. ಅವರು ಎರಡು ಹಂಗಾಮು ಶ್ರದ್ಧೆಯಿಂದ ತುಂಬಿದರು. ಮೂರನೆಯ ವರ್ಷ ಕಂಪನಿ ಸೇವೆಯನ್ನು ನಿಲ್ಲಿಸಿತು. ಲೆಕ್ಕ ಹಿಂದಕ್ಕೆ ಪಡೆಯುವ ದಾರಿ ಇರಲಿಲ್ಲ. ಒಬ್ಬ ಹೆಣ್ಣುಮಗಳು ಬ್ಯಾಂಕಿಗೆ ತೋರಿಸಲು ಆ ಲೆಕ್ಕ ಬೇಕೆಂದು ನನ್ನಲ್ಲಿಗೆ ಬಂದರು. ನನ್ನ ಬಳಿ ಕೊಡಲು ಏನೂ ಇರಲಿಲ್ಲ. ಆಪ್ ಚೆನ್ನಾಗಿದೆಯೇ ಎಂದು ನಾನು ನೋಡಿದ್ದೆ. ಅದರಲ್ಲಿ ಹಾಕಿದ್ದು ಮರಳಿ ಬರುತ್ತದೆಯೇ ಎಂದು ನೋಡಿರಲಿಲ್ಲ. ಕಣಜ ಕಟ್ಟುವಾಗ ಕಾಳು ತೆಗೆಯುವ ಕಿಂಡಿ ಎಲ್ಲಿದೆ ಎಂದು ಯಾವ ರೈತನೂ ಕೇಳುತ್ತಾನೆ. ಡಾಕ್ಟರೇಟ್ ಪಡೆದ ನಾನು ಕೇಳಲಿಲ್ಲ.

ರೈತರು ಅನುಸರಿಸಬೇಕಾದ ಕ್ರಮಗಳು

1. ಯಾವುದೇ ಆಪ್ ಬಳಸುವ ಮೊದಲು ಅದನ್ನು ನಡೆಸುವವರು ಬೀಜ, ಗೊಬ್ಬರ, ಔಷಧಿ ಮಾರುವವರೇ ಎಂದು ತಿಳಿದುಕೊಳ್ಳಿ. ಹೌದಾದರೆ, ಅವರ ಸಲಹೆಯನ್ನು ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಇನ್ನೊಮ್ಮೆ ವಿಚಾರಿಸಿ.

2. ಸಂದೇಶವೊಂದನ್ನೇ ನಂಬಿ ಬಿತ್ತಬೇಡಿ. ಹೊಲದಲ್ಲಿ ನಾಲ್ಕಾರು ಕಡೆ ಗೇಣುದ್ದ ಅಗೆದು ಹಸಿ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಿ. ರಾಜ್ಯದ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕವಿದೆ. ನಿಮ್ಮ ಪಂಚಾಯಿತಿಯ ಅಂಕಿಯನ್ನು ಕೇಳಿ ಪಡೆಯಿರಿ. ಹವಾಮಾನ ಇಲಾಖೆಯ 'ಮೇಘದೂತ' ಆಪ್‌ನ್ನೂ ನೋಡಬಹುದು.

3. ಬಿತ್ತನೆ, ಮಳೆ, ಖರ್ಚು, ಇಳುವರಿಯ ಲೆಕ್ಕವನ್ನು ಒಂದು ಪುಸ್ತಕದಲ್ಲಿ ತಪ್ಪದೆ ಬರೆದಿಡಿ. ಮೊಬೈಲಿನಲ್ಲಿರುವುದು ನಕಲು, ಪುಸ್ತಕದಲ್ಲಿರುವುದು ಅಸಲು.

4. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ ಎಂದು 'ಬೆಳೆ ದರ್ಶಕ'ದಲ್ಲಿ ನೀವೇ ನೋಡಿ. ಶೇಂಗಾದಲ್ಲಿ ಅಕ್ಕಡಿ ತೊಗರಿ ಇದ್ದಾಗ ತಪ್ಪು ನುಸುಳುವುದುಂಟು. ವಿಮೆಯ ಬೆಳೆಗೂ ಸಮೀಕ್ಷೆಯ ಬೆಳೆಗೂ ತಾಳೆಯಾಗದಿದ್ದರೆ ಪರಿಹಾರ ನಿಲ್ಲುತ್ತದೆ. ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸತಕ್ಕದ್ದು.

5. ಆಧಾರ್, 'ಫ್ರೂಟ್ಸ್' ಗುರುತಿನ ಸಂಖ್ಯೆ, ಓ.ಟಿ.ಪಿ. ಇವುಗಳನ್ನು ಖಾಸಗಿಯವರು ಕೇಳಿದಾಗ ಏತಕ್ಕೆಂದು ಕೇಳಿ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆಯಾಗಿದೆ. ಒಪ್ಪಿಗೆ ಕೊಡುವುದು ಬಿಡುವುದು ನಿಮ್ಮ ಹಕ್ಕು.

6. ಶೇಂಗಾ ಬೀಜವನ್ನು ಶುದ್ಧವಾಗಿ ಎತ್ತಿಡುವುದನ್ನು ಬಿಡಬೇಡಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯ ಪ್ರಕಾರ ಬೀಜ ಉಳಿಸುವ, ಮರುಬಿತ್ತುವ, ಹಂಚುವ, ಬ್ರಾಂಡ್ ಹೆಸರು ಹಾಕದೆ ಮಾರುವ ಹಕ್ಕು ರೈತನಿಗಿದೆ.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು. ಸಲಹೆಯ ಸಂದೇಶ ಕಳುಹಿಸುವಾಗ ಕೆಳಗೆ ನಿಮ್ಮ ಹೆಸರು, ದಿನಾಂಕ ಮತ್ತು ಆಧಾರವನ್ನು ಹಾಕಿ. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಬರೆದವನು ಚಪಡ ಎಂಬ ಲಿಪಿಕಾರ ತನ್ನ ಹೆಸರನ್ನು ಹಾಕಿದ್ದಾನೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಅಷ್ಟು ಹೊಣೆಗಾರಿಕೆ ಇತ್ತು.

ಆ ಹಿರಿಯ ರೈತರ ಪ್ರಶ್ನೆಗೆ ಇದೇ ನನ್ನ ಉತ್ತರ. ತಪ್ಪಿದಾಗ ಹೋಗಿ ಜಗಳವಾಡಲು ಹೆಸರು, ವಿಳಾಸವುಳ್ಳ ಒಬ್ಬ ಮನುಷ್ಯ ಇರುವ ಸಲಹೆಯನ್ನು ಮೊದಲು ಕೇಳಿ. ಮಿಕ್ಕದ್ದನ್ನು ಅದರ ಪಕ್ಕದಲ್ಲಿಟ್ಟು ತೂಗಿ ನೋಡಿ. ಈ ಹಂಗಾಮಿನಲ್ಲಿ ನಾನು ಹೇಳಿದ್ದು ತಪ್ಪಿದರೆ ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳಿ. ನಾನು ಬಂದೇ ಬರುತ್ತೇನೆ.

ಎಲ್ಲರಿಗೂ ಹದವಾದ ಮಳೆ, ಒಳ್ಳೆಯ ಬೆಳೆ ಆಗಲೆಂದು ಹಾರೈಸುತ್ತೇನೆ.