ಕೀಟನಾಶಕ ಕೊಳ್ಳುವಾಗ ತೆರಿಗೆಯ ಲೆಕ್ಕ
(ಸಮೇತನಹಳ್ಳಿಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



2017ರ ಜುಲೈ 1ರಿಂದ ವ್ಯಾಟ್ ಬದಲಿಗೆ ಜಿ.ಎಸ್.ಟಿ. ಜಾರಿಯಲ್ಲಿದೆ. ಬಿತ್ತನೆ ಬೀಜಕ್ಕೂ ಗುದ್ದಲಿ, ಕುಡುಗೋಲಿಗೂ ಈ ತೆರಿಗೆಯಿಲ್ಲ. ರಸಗೊಬ್ಬರಕ್ಕೆ ಶೇಕಡ 5, ರಾಸಾಯನಿಕ ಕೀಟನಾಶಕಕ್ಕೆ ಶೇಕಡ 18.

ಅಂಗಡಿಯವರು ಕೀಟನಾಶಕಕ್ಕೆ “1,000 ರೂಪಾಯಿ, ತೆರಿಗೆ ಬೇರೆ” ಎಂದರೆ, ತೆರಿಗೆ 180, ಒಟ್ಟು 1,180 ರೂಪಾಯಿ. 100 ರೂಪಾಯಿ ರಿಯಾಯಿತಿ ಕೊಟ್ಟರೆ ಮೊದಲು ಅದನ್ನು ಕಳೆಯಿರಿ: 900ಕ್ಕೆ ತೆರಿಗೆ 162, ಒಟ್ಟು 1,062.

ಆದರೆ ಡಬ್ಬದ ಮೇಲೆ ಅಚ್ಚಾದ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಅಲ್ಲಿ 1,180 ಎಂದಿದ್ದರೆ ಅದೇ ಕೊನೆಯ ಬೆಲೆ. ಅದರ ಮೇಲೆ ಮತ್ತೆ ಶೇಕಡ 18 ಕೊಟ್ಟರೆ ನಿಮಗೆ 212 ರೂಪಾಯಿ 40 ಪೈಸೆ ನಷ್ಟ.

ರಶೀದಿಯನ್ನು ತಪ್ಪದೆ ಪಡೆಯಿರಿ. ಔಷಧಿ ಕಳಪೆಯಾದರೆ ದೂರು ಕೊಡಲು ಅದೇ ಆಧಾರ.